ಅಳುವ ಗಂಡು, ಗುಡುಗುವ ಗಂಡು

ರೋಣ ತಾಲ್ಲೂಕಿನ ಅಬ್ಬಿಗೇರಿ, ನರೇಗಲ್ಲ ಕಡೆಯ ಎರೆಸೀಮೆಯ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರಿನ ಜೊತೆಗೆ ಇನ್ನೆರಡು ಆಕರ್ಷಣೆಗಳು ಸಾಮಾನ್ಯ. ಹಗಲು ಕುಸ್ತಿ ಅಥವಾ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ, ರಾತ್ರಿ ನಾಟಕ. ಮಧ್ಯಾಹ್ನ ಕಲ್ಲನ್ನು ಹೆಗಲಿಗೇರಿಸಿ ಶಿಳ್ಳೆ ಗಿಟ್ಟಿಸಿದ ಹುಡುಗನೇ ರಾತ್ರಿ ಬಣ್ಣ ಹಚ್ಚಿಕೊಂಡು, ತಾಯಿಯ ಪಾತ್ರದ ಕಾಲು ಹಿಡಿದು ಗಳಗಳನೆ ಅಳುತ್ತಾನೆ. ನೆರೆದ ಜನ ನಗುವುದಿಲ್ಲ. ಸೆರಗಿನಲ್ಲಿ, ಟವೆಲ್ಲಿನಲ್ಲಿ ಅವರೂ ಕಣ್ಣೊರೆಸಿಕೊಳ್ಳುತ್ತಾರೆ. ಮರುದಿನ ಅವನ ಗಂಡಸುತನ ಒಂದು ಗುಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ.

ಹಾಲಿವುಡ್ ಚಿತ್ರಗಳನ್ನು ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿನ ಕೌಬಾಯ್ ಮಿತಭಾಷಿ, ಒಂಟಿ. ಎದೆಯೊಳಗೆ ಏನಿದ್ದರೂ ಮುಖದ ಮೇಲೆ ತೋರಗೊಡದವನು. ಗಂಡಸು ಅಳಬಾರದೆಂಬ ಈ ನಿಯಮ ಪಶ್ಚಿಮದಲ್ಲಿ ಅನಾದಿಯಿಂದ ಬಂದದ್ದೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಹೋಮರನ ಅಕಿಲಿಸ್ ಗೆಳೆಯ ಪೆಟ್ರೋಕ್ಲಸ್ ಸತ್ತಾಗ ತಲೆಯ ಮೇಲೆ ಮಣ್ಣು ಸುರಿದುಕೊಂಡು ನೆಲದಲ್ಲಿ ಬಿದ್ದು ಅಳುತ್ತಾನೆ. 1774ರಲ್ಲಿ ಪ್ರಕಟವಾದ ಗಯಟೆಯ ಕಾದಂಬರಿಯ ವೆರ್ದರ್ ಎಂಬ ತರುಣನ ಕಣ್ಣೀರಿಗೆ ಇಡೀ ಯೂರೋಪ್ ಮರುಳಾಗಿತ್ತು. ತುಟಿ ಬಿಗಿಹಿಡಿದ ಗಂಡಸು ಬಹುಮಟ್ಟಿಗೆ 19ನೇ ಶತಮಾನದ ಇಂಗ್ಲೆಂಡಿನ ವಸತಿಶಾಲೆಗಳ ಸೃಷ್ಟಿ. ಸಾಮ್ರಾಜ್ಯ ಆಳಲು ಅಂಥ ಹುಡುಗರು ಬೇಕಿದ್ದರು. ಅವರು ಇಲ್ಲಿಗೆ ಬಂದು, 1857ರ ನಂತರ, ಇಲ್ಲಿನ ಗಂಡಸರನ್ನೂ ತಮ್ಮ ಅಳತೆಗೋಲಿನಿಂದಲೇ ಅಳೆದು ಕೆಲವರನ್ನು ‘ವೀರ ಜನಾಂಗ’ವೆಂದೂ ಉಳಿದವರನ್ನು ಹೆಣ್ಣಿಗರೆಂದೂ ವಿಂಗಡಿಸಿದರು. ಸೈನ್ಯದ ಭರ್ತಿಗೆ ಬಳಸಿದ ಆ ಪಟ್ಟಿಯ ನೆರಳು ಇನ್ನೂ ಪೂರ್ತಿ ಸರಿದಿಲ್ಲ.

ಈ ಅಳತೆಗೋಲು ತಲುಪುವ ಮೊದಲೇ ತನ್ನದೇ ಲೆಕ್ಕ ಇಟ್ಟುಕೊಂಡಿದ್ದ ಇನ್ನೊಂದು ದೇಶ ಜಪಾನ್. ಜಪಾನ್ ಎಂದೊಡನೆ ಕತ್ತಿ ಹಿಡಿದ ಸಮುರಾಯಿ ನೆನಪಾಗುತ್ತಾನೆ. (ಆ ಚಿತ್ರವನ್ನು ಜಗತ್ತಿಗೆ ಹಂಚಿದ ನಿತೊಬೆ ಇನಾಜೊ ಅವರ ‘ಬುಷಿದೊ’ ಮೊದಲು ಬರೆಯಲ್ಪಟ್ಟದ್ದು ಇಂಗ್ಲಿಷಿನಲ್ಲಿ, ಹೊರಗಿನವರ ಓದಿಗಾಗಿ ಎಂಬುದನ್ನು ಮರೆಯಬಾರದು.) ಜನಸಾಮಾನ್ಯರು ದುಡ್ಡು ಕೊಟ್ಟು ನೋಡುತ್ತಿದ್ದ ಕಾಬುಕಿ ರಂಗಭೂಮಿಯ ಕಥೆ ಬೇರೆ. 1629ರಲ್ಲಿ ಸರ್ಕಾರ ಹೆಂಗಸರು ರಂಗವೇರುವುದನ್ನು ನಿಷೇಧಿಸಿತು. 1652ರಲ್ಲಿ ಎಳೆಯ ಹುಡುಗರನ್ನೂ ಇಳಿಸಿತು. ಉಳಿದದ್ದು ಪ್ರಾಯದ ಗಂಡಸರು. ಅವರೇ ಹೆಣ್ಣು, ಅವರೇ ಗಂಡು. ಆ ಶತಮಾನದ ಕೊನೆಯ ಹೊತ್ತಿಗೆ ಗಂಡಿನ ಪಾತ್ರದಲ್ಲಿಯೇ ಎರಡು ಘರಾಣೆಗಳೆನ್ನಬಹುದಾದ ಶೈಲಿಗಳು ಬೆಳೆದವು. ಇಂದಿನ ಟೋಕಿಯೊ ಆಗಿರುವ ಎದೊ ನಗರದಲ್ಲಿ ಇಚಿಕಾವಾ ದಾಂಜುರೊ ಎಂಬ ನಟ ಮುಖಕ್ಕೆ ಕೆಂಪು ಪಟ್ಟೆ ಬಳಿದುಕೊಂಡು, ಕಣ್ಣು ತಿರುಗಿಸಿ ಗುಡುಗುವ ‘ಅರಗೊತೊ’ವನ್ನು ಪ್ರಸಿದ್ಧಿಗೆ ತಂದ. ವ್ಯಾಪಾರಿಗಳ ಊರಾದ ಒಸಾಕಾ ಮತ್ತು ಕ್ಯೋತೊಗಳಲ್ಲಿ ಸಕತಾ ತೊಜುರೊ ಎಂಬಾತ ಮೆಲುದನಿಯ ‘ವಗೊತೊ’ವನ್ನು ಬೆಳೆಸಿದ.

ಈ ಮೆಲುದನಿಯ ನಾಯಕ ಎಂಥವನೆಂಬುದಕ್ಕೆ ಚಿಕಮತ್ಸು 1703ರಲ್ಲಿ ಬೊಂಬೆಯಾಟಕ್ಕಾಗಿ ಬರೆದ ‘ಸೊನೆಜಾಕಿ ಶಿಂಜು’ ಸಾಕ್ಷಿ. ಅದರ ನಾಯಕ ತೊಕುಬೆ ಸೋಯಾ ಸಾರು ಮಾರುವ ಅಂಗಡಿಯ ಗುಮಾಸ್ತ. ನಂಬಿದ ಗೆಳೆಯನಿಂದ ಮೋಸಹೋಗಿ, ನಡುಬೀದಿಯಲ್ಲಿ ಪೆಟ್ಟು ತಿಂದು, ಪ್ರಿಯತಮೆಯ ಮನೆಯ ಜಗಲಿಯ ಕೆಳಗೆ ಅಡಗಿ ಕೂರುತ್ತಾನೆ. ಮೇಲೆ ಕುಳಿತ ಆಕೆ ‘ಸಾಯಲು ಸಿದ್ಧನಿದ್ದಾನೆಯೇ’ ಎಂದು ಮರೆಮಾತಿನಲ್ಲಿ ಕೇಳಿದಾಗ, ಅವಳ ಪಾದವನ್ನು ತನ್ನ ಕೊರಳ ಮೇಲೆ ಎಳೆದುಕೊಂಡು ಉತ್ತರ ಕೊಡುತ್ತಾನೆ. ಈ ಗುಮಾಸ್ತನನ್ನು ಜಪಾನಿಗಳು ಮುನ್ನೂರು ವರ್ಷಗಳಿಂದ ನಾಯಕನೆಂದೇ ಕಾಣುತ್ತ ಬಂದಿದ್ದಾರೆ. ಕಾಬುಕಿ ಥಿಯೇಟರುಗಳ ಹೊರಗೆ ನೇತುಹಾಕುವ ಹಲಗೆಗಳಲ್ಲಿ ಎರಡನೆಯದರ ಮೇಲೆ ಇಂಥ ಚೆಲುವ ಪ್ರೇಮಿಯ ಪಾತ್ರಧಾರಿಯ ಹೆಸರಿರುತ್ತಿತ್ತು. ‘ಎರಡನೆಯ ಹಲಗೆ’ ಎಂಬರ್ಥದ ‘ನಿಮಾಯ್‌ಮೆ’ ಎಂಬ ಮಾತು ಸುಂದರ ಪುರುಷನನ್ನು ಸೂಚಿಸಲು ಅಲ್ಲಿ ಇಂದಿಗೂ ಬಳಕೆಯಲ್ಲಿದೆ.

ಕನ್ನಡದ ರಂಗವೂ ಈ ಎರಡು ಹಲಗೆಗಳನ್ನು ಬಲ್ಲದು. ಯಕ್ಷಗಾನದ ಬಣ್ಣದ ವೇಷ ಆರ್ಭಟಿಸಿದರೆ ಪುರುಷವೇಷ ಸರಸವಾಡುತ್ತದೆ. 1870ರ ದಶಕದಲ್ಲಿ, ಮರಾಠಿ ನಾಟಕಗಳ ಹಾವಳಿಗೆ ಎದುರಾಗಿ ಶಾಂತಕವಿಗಳು ಗದಗಿನಲ್ಲಿ ಕಟ್ಟಿದ ಮಂಡಳಿಯ ಹೆಸರಾಂತ ನಾಟಕ ‘ಉಷಾಹರಣ’. ಅದರ ಪುರಾಣ ಕಥೆಯಲ್ಲಿ ಗುಡುಗುವವನು ಬಾಣಾಸುರ. ಪ್ರೇಮಿಯಾದ ಅನಿರುದ್ಧನೋ, ಉಷೆ ಕನಸಿನಲ್ಲಿ ಕಂಡು ಮೆಚ್ಚಿದ್ದಕ್ಕಾಗಿ, ಮಲಗಿದ ಮಂಚದಿಂದಲೇ ಸಖಿ ಚಿತ್ರಲೇಖೆಯ ಕೈಯಿಂದ ಅಪಹರಿಸಲ್ಪಡುವ ಕೋಮಲ ತರುಣ. ಹೆಣ್ಣು ಗಂಡನ್ನು ಹೊತ್ತೊಯ್ಯುವ ಕಥೆಯೊಂದಿಗೆ ಈ ಭಾಗದ ವೃತ್ತಿರಂಗಭೂಮಿ ಕಣ್ಣು ತೆರೆಯಿತೆಂಬುದು ಸ್ವಾರಸ್ಯದ ಸಂಗತಿ.

ಅದಕ್ಕಿಂತ ಹಿಂದಿನ ಗದುಗಿನ ಭಾರತದಲ್ಲಿ ಕುಮಾರವ್ಯಾಸ ಗಂಡಸುತನದ ಪ್ರದರ್ಶನವನ್ನೇ ನಗೆಗೀಡು ಮಾಡಿಬಿಟ್ಟಿದ್ದಾನೆ. ಅಂತಃಪುರದ ಹೆಣ್ಣುಗಳ ನಡುವೆ ಕುಳಿತು ಕೌರವರನ್ನು ಮಾತಿನಲ್ಲೇ ಸಂಹರಿಸಿದ ಉತ್ತರಕುಮಾರ, ಸೈನ್ಯ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡುತ್ತಾನೆ. ಅಟ್ಟಿಸಿಕೊಂಡು ಹೋಗಿ ಹಿಡಿದು ತರುವವರು ಯಾರು? ಹೆಣ್ಣುಡುಗೆಯ ಬೃಹನ್ನಳೆ. ಕುಣಿತ ಕಲಿಸುತ್ತಿದ್ದ ಆ ಕೈಗಳೇ ಗಾಂಡೀವ ಹಿಡಿದ ಕೈಗಳು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಇಂದಿಗೂ ಆಡುವ ಜನ ಈ ಪ್ರಸಂಗವನ್ನು ಚೆನ್ನಾಗಿ ಅರ್ಥಮಾಡಿಕೊಂಡವರು.

ಸಿನಿಮಾ ಬಂದಾಗ ಈ ಸಂಸ್ಕಾರ ಅಲ್ಲಿಗೂ ಹೋಯಿತು. ಹೋಗದೆ ಇರುವುದು ಸಾಧ್ಯವಿರಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ರಾಜ್‌ಕುಮಾರ್ ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಮೂರು ದೇಶಗಳ ಮೂರು ಜನಪ್ರಿಯ ಚಿತ್ರಗಳ ಕೊನೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೂರರಲ್ಲೂ ನಾಯಕ ಊರು ಬಿಟ್ಟು ಹೋಗುತ್ತಾನೆ. ಅಮೆರಿಕದ ‘ಶೇನ್’ (1953) ಹೊರಡುವುದು ದುಷ್ಟರನ್ನು ಗುಂಡಿಟ್ಟು ಕೊಂದ ಮೇಲೆ. ಕೊಂದವನಿಗೆ ಆ ಶಾಂತ ಊರಿನಲ್ಲಿ ಜಾಗವಿಲ್ಲ. ಜಪಾನಿನಲ್ಲಿ 1969ರಿಂದ 1995ರವರೆಗೆ ಒಂದೇ ನಾಯಕನ 48 ಚಿತ್ರಗಳು ಬಂದವು. ಮಾಲೆಯ ಹೆಸರಿನ ಅರ್ಥವೇ ‘ಗಂಡಾಗಿರುವುದು ಕಷ್ಟ’. ಊರೂರು ಅಲೆದು ಸಾಮಾನು ಮಾರುವ ತೊರಾಸಾನ್ ಪ್ರತಿ ಸಲವೂ ಒಬ್ಬಳಿಗೆ ಮನಸೋಲುತ್ತಾನೆ. ಕೊನೆಗೆ ಪೆಟ್ಟಿಗೆ ಹಿಡಿದು ಒಬ್ಬನೇ ಹೊರಡುತ್ತಾನೆ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ (1972)ದ ರಾಜೀವ, ಬಂಡೆ ಒಡೆದು ಬಂಗಾರದ ಬೆಳೆ ತೆಗೆದವನು. ತಾನು ಸಾಕಿದ ಅಕ್ಕನ ಮಗನಿಂದಲೇ ಸಂಶಯದ ಮಾತು ಕೇಳಿ, ಸಮಜಾಯಿಷಿ ಕೂಡ ಹೇಳದೆ ಮನೆ ಬಿಡುತ್ತಾನೆ. ಬಂಡೆ ಒಡೆದ ಕೈಯನ್ನು ಅವನು ಎತ್ತಲಿಲ್ಲವೆಂಬುದೇ ಪ್ರೇಕ್ಷಕರ ಮೆಚ್ಚುಗೆಗೆ ಕಾರಣ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಆ ಚಿತ್ರ ಎರಡು ವರ್ಷ ಓಡಿತು.

ಹಾಗೆಂದು ಈ ಮೃದು ಪುರುಷನನ್ನು ಪೂಜೆಗೆ ಕೂರಿಸಬೇಕಾಗಿಲ್ಲ. ತಾಯಿಯ ಮುಂದೆ ಕರಗುವ ನಾಯಕ ಹೆಂಡತಿಯ ಮುಂದೆ ಬೇರೆಯೇ ಆಗಬಲ್ಲ. ‘ಬಹದ್ದೂರ್ ಗಂಡು’ (1976), ‘ನಂಜುಂಡಿ ಕಲ್ಯಾಣ’ (1989) ಎರಡೂ ಗಯ್ಯಾಳಿ ಹೆಣ್ಣನ್ನು ಪಳಗಿಸುವ ಶೇಕ್ಸ್‌ಪಿಯರನ ಹಳೆಯ ಕಥೆಯ ರೂಪಾಂತರಗಳೇ. ಉಳಿದೆಲ್ಲ ವಿಷಯಗಳಲ್ಲಿ ಪಶ್ಚಿಮಕ್ಕಿಂತ ಭಿನ್ನವಾಗಿದ್ದ ಕನ್ನಡದ ಗಂಡು, ಈ ಒಂದಕ್ಕೆ ಮಾತ್ರ ಅಲ್ಲಿಂದ ಕಡ ತರಲು ಸಂಕೋಚಪಡಲಿಲ್ಲ. ಜನ ಹೊಟ್ಟೆ ತುಂಬ ನಕ್ಕರು. ಜಪಾನಿನ ತೊಕುಬೆಯ ಕಣ್ಣೀರಿನ ಬೆಲೆಯನ್ನೂ ಕೊನೆಗೆ ಪ್ರಾಣದಿಂದ ತೆತ್ತವಳು ಅವನ ಜೊತೆ ಸತ್ತ ಓಹತ್ಸು.

1990ರ ದಶಕದಿಂದ ಗಾಳಿ ಬದಲಾಯಿತು. ಉಪೇಂದ್ರ ನಿರ್ದೇಶನದ ‘ಓಂ’ (1995) ಚಿತ್ರದಲ್ಲಿ ಪುರೋಹಿತರ ಮಗನೇ ರೌಡಿಯಾದ. ಮಚ್ಚು, ಲಾಂಗುಗಳು ನಾಯಕನ ಕೈಗೆ ಬಂದವು. ಆದರೆ ಕಣ್ಣೀರು ಬತ್ತಲಿಲ್ಲವೆಂಬುದು ಗಮನಿಸಬೇಕಾದ ಅಂಶ. ‘ಜೋಗಿ’ (2005) ಚಿತ್ರದ ರೌಡಿ, ತನ್ನ ತಾಯಿಯದೆಂದು ತಿಳಿಯದೆ ಅವಳ ಶವಯಾತ್ರೆಯ ಮುಂದೆಯೇ ಕುಣಿಯುತ್ತಾನೆ. ತಿಳಿದಾಗ ಥಿಯೇಟರಿಗೆ ಥಿಯೇಟರೇ ಅತ್ತಿತು. 2018ರ ‘ಕೆ.ಜಿ.ಎಫ್.’ ನಾಯಕನ ಬೆನ್ನಿಗಿರುವುದೂ ತಾಯಿಗೆ ಕೊಟ್ಟ ಮಾತೇ. ಕಳೆದುಹೋದದ್ದು ರಾಜೀವನ ಸಂಯಮ, ಎತ್ತಬಹುದಾದ ಕೈಯನ್ನು ಎತ್ತದೆ ಇರುವ ಶಕ್ತಿ. ಇದನ್ನು ಪಶ್ಚಿಮದ ತಲೆಗೆ ಕಟ್ಟುವುದು ಸುಲಭ. ಆದರೆ ಮಚ್ಚು ಹಿಡಿದ ನಾಯಕನಿಗೂ ಕೌಬಾಯ್‌ಗೂ ಹೋಲಿಕೆ ಕಡಿಮೆ; ಇವನು ಎರಡನೆಯ ಹಲಗೆಯವನನ್ನು ನುಂಗಿದ ನಮ್ಮದೇ ಬಾಣಾಸುರ.

ಹಳ್ಳಿಯ ನಾಟಕಗಳಲ್ಲೂ ಸದ್ದಿಲ್ಲದೆ ಒಂದು ಬದಲಾವಣೆ ಆಗಿದೆ. ಹಿಂದೆ ಸ್ತ್ರೀಪಾರ್ಟನ್ನು ಊರ ಹುಡುಗರೇ ಮಾಡುತ್ತಿದ್ದರು. ತಾಲೀಮಿನಲ್ಲಿ ಸೀರೆ ಉಡುವುದು, ಸೆರಗು ಸರಿಪಡಿಸುವುದು, ತಲೆ ತಗ್ಗಿಸಿ ನಿಲ್ಲುವುದು ಎಲ್ಲವನ್ನೂ ನಾಟಕದ ಮಾಸ್ತರರಿಂದ ಕಲಿಯಬೇಕಿತ್ತು. ಈಗ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಹೆಣ್ಣಿನ ಪಾತ್ರ ಹೆಣ್ಣಿಗೇ ಸಿಕ್ಕಿದ್ದು ನ್ಯಾಯ. ಎಷ್ಟೋ ಸಂಸಾರಗಳು ಅದರಿಂದ ಹೊಟ್ಟೆ ಹೊರೆಯುತ್ತಿವೆ. ಆದರೆ ಹೊಲದಲ್ಲಿ ಕುಂಟೆ ಹೊಡೆಯುವ ಗಂಡಸು ಒಂದು ರಾತ್ರಿಯಾದರೂ ಹೆಣ್ಣಾಗಿ ನಿಂತು ತನ್ನೂರ ಗಂಡಸರ ಕಣ್ಣನ್ನು ಎದುರಿಸುವ ಸಂದರ್ಭ ಅಲ್ಲಿಗೆ ಮುಗಿಯಿತು. ಹಾಗೆ ನಿಂತಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಗುಡಿಯ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರೆ, ನಿರಿಗೆ ಹಿಡಿಯುವ ಬಗೆಯನ್ನು ಧೋತರದ ಚುಂಗಿನಲ್ಲಿಯೇ ತೋರಿಸಿಕೊಡುತ್ತಾರೆ.