ಜಿಂಕೆ ಎಣಿಸಿದ ಹುಲಿ ವಿಜ್ಞಾನಿ

ಉಲ್ಲಾಸ ಕಾರಂತರ ಹೆಸರು ಕೇಳಿದೊಡನೆ ನೆನಪಾಗುವುದು ಹುಲಿ. ಆದರೆ ನಾಗರಹೊಳೆಯ ಕಾಡಿನಲ್ಲಿ ಅವರು ಹುಲಿಯಷ್ಟೇ ಶ್ರದ್ಧೆಯಿಂದ ಎಣಿಸಿದ್ದು ಚುಕ್ಕೆ ಜಿಂಕೆ, ಕಡವೆ, ಕಾಟಿಗಳನ್ನು.

ಸಾಹಿತಿ ಶಿವರಾಮ ಕಾರಂತರ ಮಗನಾದ ಅವರು ಸುರತ್ಕಲ್ಲಿನಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕೆಲವು ಕಾಲ ಕೃಷಿಯನ್ನೂ ಮಾಡಿದರು. ಕಾಡಿನ ಹುಚ್ಚು ಬಿಡಲಿಲ್ಲ. ನಲವತ್ತರ ಹೊತ್ತಿಗೆ, 1988ರಲ್ಲಿ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ವನ್ಯಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಓಡಾಡುವ ಜಿಂಕೆಯನ್ನು ಎಣಿಸುವುದು ಹೇಗೆ? ಕಾಡಿನಲ್ಲಿ ನೇರವಾಗಿ ಕಾಲುದಾರಿ ಸವರಿ, ಬೆಳಗ್ಗೆ ಸಂಜೆ ಸದ್ದಿಲ್ಲದೆ ನಡೆಯಬೇಕು. ಕಂಡ ಪ್ರಾಣಿ ದಾರಿಯಿಂದ ಎಷ್ಟು ದೂರದಲ್ಲಿತ್ತೆಂದು ಬರೆದುಕೊಳ್ಳಬೇಕು. ದೂರ ಹೆಚ್ಚಿದಷ್ಟೂ ಕಣ್ತಪ್ಪುವವು ಹೆಚ್ಚು. ಹಾಗೆ ಕಣ್ತಪ್ಪಿದವುಗಳನ್ನೂ ಗಣಿತದಿಂದ ಅಂದಾಜು ಮಾಡುವುದರಲ್ಲೇ ಇದರ ಜಾಣ್ಮೆಯಿದೆ. ಎಂಜಿನಿಯರಿಗೆ ಒಗ್ಗುವ ಕೆಲಸವೇ ಸರಿ!

ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಬೇಟೆಪ್ರಾಣಿಗಳ ಸಂತತಿ ಕುಗ್ಗದಿರಬೇಕಾದರೆ ಆ ಕಾಡಿನಲ್ಲಿ ಅಂಥವು 500 ಇರಬೇಕು. ಆದ್ದರಿಂದ ಮಾಂಸದಾಸೆಗೆ ಜಿಂಕೆ ಹೊಡೆಯುವವರು ಹುಲಿಯ ತಟ್ಟೆಗೇ ಕೈ ಹಾಕಿದಂತೆ. ದೇಶದ ಹಲವು ಕಾಡುಗಳಲ್ಲಿ ಲೆಕ್ಕ ಹಾಕಿ 2004ರಲ್ಲಿ ಕಾರಂತರ ತಂಡ ಪ್ರಕಟಿಸಿದ ಅಧ್ಯಯನವೂ ಬೇಟೆಪ್ರಾಣಿ ಹೆಚ್ಚಿದ್ದಲ್ಲಿ ಹುಲಿ ಹೆಚ್ಚೆಂದೇ ತೋರಿಸಿತು.