ದನಿ ಒಡೆದದ್ದು ಎಲ್ಲಿ?

ಸಿನಿಮಾ ನಡುವೆ ಸೌಂಡು ಕೆಟ್ಟರೆ ಮೊದಲ ಶಿಳ್ಳೆ ಗಾಂಧಿ ಕ್ಲಾಸಿನಿಂದ ಬರುತ್ತದೆ. ಅದರ ಬೆನ್ನಿಗೇ ‘ಸೌಂಡ್, ಸೌಂಡ್’ ಎಂಬ ಕೂಗು. ಎಲ್ಲರ ತಲೆಯೂ ಪ್ರೊಜೆಕ್ಟರ್ ರೂಮಿನ ಕಿಂಡಿಯ ಕಡೆ ತಿರುಗುತ್ತದೆ. ಚಿತ್ರ ಮಸುಕಾದರೆ ಕಣ್ಣಿಗೆ ಕಾಣುತ್ತದೆ, ಫೋಕಸ್ ತಿರುಗಿಸಿದರೆ ಸರಿಹೋದೀತು. ದನಿ ಒಡೆದರೆ ಮಾತ್ರ ಎಲ್ಲಿ ಒಡೆಯಿತೆಂಬುದನ್ನು ಕಿವಿಯೇ ಹುಡುಕಬೇಕು. 35 ಎಂಎಂ ರೀಲಿನ ಕಾಲದ ನುರಿತ ಆಪರೇಟರುಗಳು ಪಳಗಿದ್ದದ್ದು ಈ ವಿದ್ಯೆಯಲ್ಲಿ. ಅವರ ಪಾಲಿಗೆ ಕೆಟ್ಟ ಸೌಂಡೆಂಬುದು ಒಂದೇ ಅಲ್ಲ. ಪ್ರತಿಯೊಂದು ದೋಷಕ್ಕೂ ಅದರದೇ ಸದ್ದಿತ್ತು, ಆ ಸದ್ದೇ ದೋಷದ ವಿಳಾಸ ಹೇಳುತ್ತಿತ್ತು.

1934ರಲ್ಲಿ ‘ಸತಿ ಸುಲೋಚನ’ದ ಮೂಲಕ ಕನ್ನಡ ಸಿನಿಮಾ ಮಾತು ಕಲಿತಾಗಿನಿಂದ ದಶಕಗಳ ಕಾಲ ನಮ್ಮ ಥಿಯೇಟರುಗಳಲ್ಲಿ ದನಿ ಹರಿದದ್ದು ಬೆಳಕಿನ ಮೂಲಕ. ಫಿಲ್ಮಿನ ತೂತುಗಳಿಗೂ ಚಿತ್ರಕ್ಕೂ ನಡುವೆ ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಒಂದು ಪಟ್ಟಿ. ಅದರೊಳಗೆ ಅಂಕುಡೊಂಕಾಗಿ ಹರಿಯುವ ಕಪ್ಪು ಬಿಳುಪು ಗೆರೆಗಳೇ ಹಾಡು, ಮಾತು, ಮಳೆ, ಗುಡುಗು. ಸೌಂಡ್ ಹೆಡ್ಡಿನಲ್ಲಿರುವ ಎಕ್ಸೈಟರ್ ಲ್ಯಾಂಪಿನ ಬೆಳಕು ಲೆನ್ಸಿನ ಮೂಲಕ ಕೂದಲೆಳೆಗಿಂತ ತೆಳ್ಳಗಿನ ಸೀಳಾಗಿ ಈ ಪಟ್ಟಿಯ ಮೇಲೆ ಬೀಳುತ್ತದೆ. ಗೆರೆ ಅಗಲವಾದಂತೆ, ಕಿರಿದಾದಂತೆ ಆಚೆ ಬದಿಯ ಫೋಟೊ ಸೆಲ್ಲಿಗೆ ತಲಪುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಅದು ವಿದ್ಯುತ್ತಾಗಿ ಆಂಪ್ಲಿಫೈಯರಿಗೆ, ಅಲ್ಲಿಂದ ಪರದೆಯ ಹಿಂದಿನ ಸ್ಪೀಕರಿಗೆ ಹೋಗುತ್ತದೆ.

ಕಷ್ಟವಿರುವುದು ಫಿಲ್ಮಿನ ಓಟದಲ್ಲಿ. ಚಿತ್ರದ ಗೇಟಿನಲ್ಲಿ ಫಿಲ್ಮು ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗಬೇಕು. ಸೌಂಡಿನ ಡ್ರಮ್ಮಿನ ಮೇಲೆ ಅದೇ ಫಿಲ್ಮು ಸೆಕೆಂಡಿಗೆ 18 ಇಂಚಿನಂತೆ ಒಂದೇ ಸಮನೆ ಜಾರಬೇಕು. ಒಂದೇ ಜಾಗದಲ್ಲಿ ಎರಡೂ ಆಗದ ಕೆಲಸ. ಹಾಗಾಗಿ ದನಿಯನ್ನು ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಅಚ್ಚು ಹಾಕುತ್ತಾರೆ. ನಡುವೆ ಬಿಟ್ಟ ಲೂಪು ಚಿಕ್ಕದಾದರೂ ದೊಡ್ಡದಾದರೂ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಈಗ ಸದ್ದುಗಳಿಗೆ ಬರೋಣ. ಮಾತಿನ ಹಿಂದೆ ‘ಗುಂಯ್’ ಎಂಬ ತಗ್ಗಿನ ಮೊರೆತ ಕೇಳಿಸಿತೆನ್ನಿ. ಫಿಲ್ಮು ಪಕ್ಕಕ್ಕೆ ಸರಿದು, ಬೆಳಕಿನ ಸೀಳು ತೂತುಗಳನ್ನು ಮುಟ್ಟುತ್ತಿದೆ ಎಂದರ್ಥ. ಫ್ರೇಮಿಗೆ ನಾಲ್ಕು ತೂತು, ಸೆಕೆಂಡಿಗೆ 24 ಫ್ರೇಮು. ಆ ಮೊರೆತ ಸೆಕೆಂಡಿಗೆ 96ರ ಕಂಪನ. ‘ಪಟಪಟ’ ಎಂದರೆ ಸೀಳು ಚಿತ್ರದ ಕಡೆ ಸರಿದಿದೆ, ಫ್ರೇಮುಗಳ ನಡುವಿನ ಗೆರೆ 24 ಸಲ ಹಾಯುತ್ತಿದೆ. ಇದನ್ನು ಸರಿಪಡಿಸಲು ಒಂದು ವಿಶೇಷ ಟೆಸ್ಟ್ ಫಿಲ್ಮೇ ಇದೆ. ದನಿಯ ಜಾಗದ ಒಂದು ಬದಿಯಲ್ಲಿ ತಗ್ಗು ಸ್ವರ, ಇನ್ನೊಂದು ಬದಿಯಲ್ಲಿ ಏರು ಸ್ವರ. ಎರಡೂ ಕೇಳಿಸದಂತಾಗುವವರೆಗೆ ಗೈಡ್ ರೋಲರನ್ನು ಸರಿಸುತ್ತಾ ಹೋಗಬೇಕು. ಮೌನವನ್ನು ಗುರುತು ಹಿಡಿಯುವ ಈ ಪರೀಕ್ಷೆ ನನಗೆ ಈ ಕಸುಬಿನಲ್ಲೇ ಅತಿ ಸೊಗಸಾದದ್ದೆನಿಸುತ್ತದೆ.

ದನಿ ಮಂಕಾಗಿ ಸ, ಶ, ಚ ಅಕ್ಷರಗಳು ತೇಯ್ದುಹೋದರೆ ಲೆನ್ಸಿನ ಮೇಲೆ ಎಣ್ಣೆ ಕೂತಿರಬಹುದು, ಇಲ್ಲವೇ ಅದರ ಫೋಕಸ್ ತಪ್ಪಿರಬಹುದು. ಸೆಕೆಂಡಿಗೆ 9,000 ಕಂಪನದ ಸ್ವರ ಫಿಲ್ಮಿನ ಮೇಲೆ ಪಡೆಯುವ ಜಾಗ ಒಂದು ಕಂಪನಕ್ಕೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಅಷ್ಟು ಸೂಕ್ಷ್ಮವಾದದ್ದನ್ನು ಅಳಿಸಲು ಒಂದು ಹನಿ ಎಣ್ಣೆ ಧಾರಾಳವಾಯಿತು. ಅದೇ ಸಕಾರ ಉಗುಳಿದಂತೆ ಚೆದುರಿ ಕೇಳಿಸಿದರೆ ಸೀಳು ಓರೆಯಾಗಿದೆಯೇ ನೋಡಬೇಕು, ಅದೂ ಅಲ್ಲವಾದರೆ ಲ್ಯಾಬಿನಲ್ಲಿ ಪ್ರಿಂಟ್ ತೆಗೆಯುವಾಗಲೇ ತಪ್ಪಿದೆ. ಕೊಳಲು, ವೀಣೆಯ ಉದ್ದದ ಸ್ವರ ನಡುಗಿದರೆ ದೋಷ ಓಟದ್ದು: ಡ್ರಮ್ಮಿಗೆ ಕೊಳೆ ಮೆತ್ತಿದೆ, ಇಲ್ಲವೇ ಫ್ಲೈವೀಲಿನ ಬೇರಿಂಗ್ ಒಣಗಿದೆ. ಹೊಡೆದಾಟದ ದೃಶ್ಯದಲ್ಲಿ ಈ ನಡುಕ ಯಾರಿಗೂ ತಿಳಿಯದು. ಎಕ್ಸೈಟರ್ ಲ್ಯಾಂಪಿಗೆ ಏಸಿ ಕರೆಂಟು ನುಸುಳಿದರೆ ಸೆಕೆಂಡಿಗೆ 100ರ ಗುಂಗು ಹತ್ತುತ್ತದೆ. ಅದಕ್ಕೇ ಆ ಸಣ್ಣ ಬಲ್ಬಿಗೆ ಡೀಸಿಯನ್ನೇ ಕೊಡುತ್ತಿದ್ದರು.

ಕಿವಿಯ ಜೊತೆಗೆ ಒಂದು ತರ್ಕವೂ ಬೇಕಿತ್ತು. ಹಳೆಯ ಥಿಯೇಟರುಗಳಲ್ಲಿ ಎರಡು ಮೆಷಿನ್ನು, ರೀಲು ಮುಗಿದಂತೆ ಒಂದರಿಂದ ಇನ್ನೊಂದಕ್ಕೆ ಬದಲಾವಣೆ. ಎರಡರಲ್ಲೂ ದನಿ ಒಡೆದರೆ ತಪ್ಪು ಆಂಪ್ಲಿಫೈಯರಿನಿಂದಾಚೆ. ಒಂದರಲ್ಲಿ ಮಾತ್ರ ಒಡೆದರೆ ಆ ಮೆಷಿನ್ನಿನ ಸೌಂಡ್ ಹೆಡ್ಡಿನದು. ಯಾವ ಮೆಷಿನ್ನಿಗೆ ಹಾಕಿದರೂ ಅದೇ ರೀಲು ಒಡೆದರೆ ಪ್ರಿಂಟಿನದು. ದನಿ ಪೂರಾ ನಿಂತಾಗ ಎಕ್ಸೈಟರ್ ಲ್ಯಾಂಪಿನ ಬೆಳಕಿಗೆ ಅಡ್ಡಲಾಗಿ ಒಂದು ರಟ್ಟಿನ ತುಂಡು ಆಡಿಸುತ್ತಿದ್ದರು. ಸ್ಪೀಕರಿನಲ್ಲಿ ‘ಧಪ್ ಧಪ್’ ಎಂದರೆ ಫೋಟೊ ಸೆಲ್ಲಿನಿಂದ ಸ್ಪೀಕರಿನವರೆಗೆ ದಾರಿ ಸರಿಯಿದೆ.

2000ದ ಈಚೆಗೆ ಬೇರೊಂದು ತೊಡಕು ಬಂತು. ಬೆಳ್ಳಿಯ ಟ್ರ್ಯಾಕಿನ ಬದಲು ಸಯನ್ ಬಣ್ಣದ ಟ್ರ್ಯಾಕು ಬಂದಾಗ ಹಳೆಯ ಬಲ್ಬಿನ ಬೆಳಕಿನಲ್ಲಿ ದನಿ ಕ್ಷೀಣವಾಗಿ ಸುಯ್ಗುಟ್ಟುತ್ತಿತ್ತು. ಬಲ್ಬಿನ ಬೆಳಕಿನಲ್ಲಿ ಹೇರಳವಾಗಿದ್ದ ಅವಕೆಂಪು ಕಿರಣವನ್ನು ಆ ಬಣ್ಣ ತಡೆಯುತ್ತಿರಲಿಲ್ಲ. ಕೆಂಪು ಎಲ್‌ಇಡಿ ಹಾಕಿಸಿದ ಮೇಲೆ ದನಿ ಸರಿಹೋಯಿತು.

ಇಂದಿನ ಡಿಜಿಟಲ್ ಪ್ರದರ್ಶನದಲ್ಲಿ ದನಿ ಕಡತದಿಂದಲೇ ಬರುವುದರಿಂದ ಎಣ್ಣೆ, ತೂತು, ಬಲ್ಬುಗಳ ಕಾಟವಿಲ್ಲ. ಹಾಗೆಂದು ದನಿ ಒಡೆಯುವುದು ನಿಂತಿಲ್ಲ. ತಾಳಲಾರದಷ್ಟು ವಾಲ್ಯೂಮ್ ಕೊಟ್ಟ ಆಂಪ್ಲಿಫೈಯರ್, ಪರದೆಯ ಹಿಂದಿನ ನಡು ಸ್ಪೀಕರಿನಲ್ಲಿ ಹರಿದ ಡಯಾಫ್ರಮ್, ಸಡಿಲವಾದ ವೈರು ಇಂದಿಗೂ ಸಂಭಾಷಣೆಯನ್ನು ಗೊರಗೊರ ಎನ್ನಿಸುತ್ತವೆ. ಪರೀಕ್ಷೆಯೂ ಹಳೆಯದೇ. ಎರಡು ಚಾನೆಲ್ಲಿನ ಆಂಪ್ಲಿಫೈಯರುಗಳನ್ನು ಅದಲುಬದಲು ಮಾಡಿದಾಗ ದೋಷ ಜೊತೆಗೆ ಹೋದರೆ ಆಂಪ್ಲಿಫೈಯರಿನದು, ಇದ್ದಲ್ಲೇ ಉಳಿದರೆ ಸಾಮಾನ್ಯವಾಗಿ ಸ್ಪೀಕರಿನದು ಅಥವಾ ಅದರ ವೈರಿನದು.

ಚಿತ್ರೋತ್ಸವಗಳಲ್ಲಿ ಹಳೆಯ ಕಪ್ಪುಬಿಳುಪು ಚಿತ್ರವನ್ನು ಫಿಲ್ಮಿನಲ್ಲೇ ತೋರಿಸುವವರು ಒಂದು ಮಾತನ್ನು ಗಮನಿಸಬೇಕು. 1938ರ ಅಕಾಡೆಮಿ ಕರ್ವ್ ಎಂಬ ಅಳತೆಯ ಪ್ರಕಾರ ಆ ಕಾಲದ ಥಿಯೇಟರುಗಳು ಮೇಲಿನ ಸ್ವರಗಳನ್ನು ತಗ್ಗಿಸಿಯೇ ಕೇಳಿಸುತ್ತಿದ್ದವು, ಮೊನೊ ಟ್ರ್ಯಾಕುಗಳೂ ಅದಕ್ಕೆ ತಕ್ಕಂತೆ ತಯಾರಾಗುತ್ತಿದ್ದವು. ಅವನ್ನು ಇಂದಿನ ಡಾಲ್ಬಿ ಸೆಟ್ಟಿಂಗಿನಲ್ಲಿ ಓಡಿಸಿದರೆ ಹಾಡು ಕಿರುಚುತ್ತದೆ, ನೋಡುಗರು ಪ್ರಿಂಟನ್ನು ಬೈಯುತ್ತಾರೆ. ಡಾಲ್ಬಿ ಪ್ರೊಸೆಸರಿನಲ್ಲಿ 01 ಎಂದು ಬರೆದ ಮೊನೊ ಬಟನ್ ಒತ್ತಿದರೆ ಸಾಕು, ಕಿರುಚುತ್ತಿದ್ದ ಹಾಡು ಹದಕ್ಕೆ ಬರುತ್ತದೆ.