ಬಟಾಟೆ ಮೊದಲು, ಹುಳಿ ಆಮೇಲೆ



ಕಾಸರಗೋಡಿನ ಪೇಟೆಯಲ್ಲಿ ಅದು ಉರುಳಕ್ಕಿಳಂಗು. ಬೆಂಗಳೂರಿನಿಂದ ಬಂದ ನೆಂಟರಿಗೆ ಆಲೂಗಡ್ಡೆ. ನಮ್ಮ ಅಡುಗೆಮನೆಯ ಹೊಸಿಲು ದಾಟಿದರೆ ಮಾತ್ರ ಅದು ಬಟಾಟೆಯೇ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಹುಟ್ಟಿದ ಗಡ್ಡೆ ಇದು. ಈ ಹೆಸರು ಪೋರ್ಚುಗೀಸರ ಬಾಯಿಂದ ನಮ್ಮ ಕರಾವಳಿಗೆ ಬಂತು. ಪರದೇಶದ್ದೆಂದು ಹಲವು ಮನೆಗಳಲ್ಲಿ ತಿಥಿಯ ಅಡುಗೆಗೆ ಇಂದಿಗೂ ಇದನ್ನು ಸೇರಿಸುವುದಿಲ್ಲ. ಆದರೆ ಆಷಾಢದ ಮಳೆಗೆ ಹಿತ್ತಿಲ ತರಕಾರಿ ಕೊಳೆತುಹೋದಾಗ ನಮ್ಮ ಕೈಹಿಡಿಯುವುದು ಇದೇ ಬಟಾಟೆ.

ಹೊಸತಾಗಿ ಅಡುಗೆಗೆ ಇಳಿದವರದ್ದು ಒಂದು ದೂರು ಇರುತ್ತದೆ: “ಎಷ್ಟು ಹೊತ್ತು ಕುದಿಸಿದರೂ ಹುಳಿಯಲ್ಲಿ ಬಟಾಟೆ ಬೇಯುವುದೇ ಇಲ್ಲ.” ತಪ್ಪು ಬಟಾಟೆಯದ್ದಲ್ಲ, ಹುಣಿಸೆಹುಳಿ ಹಾಕಿದ ಹೊತ್ತಿನದ್ದು. ತರಕಾರಿಯ ಕಣಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಬಿಸಿನೀರಿನಲ್ಲಿ ಕರಗಿದರೆ ಹೋಳು ಮೆತ್ತಗಾಗುತ್ತದೆ. ಹುಳಿ ಸೇರಿದರೆ ಅದು ಬೇಗ ಕರಗುವುದಿಲ್ಲ. ಟೊಮೆಟೊ, ಮಜ್ಜಿಗೆ, ಲಿಂಬೆಗೂ ಇದೇ ಮಾತು.

ಹಾಗಾಗಿ ಬಟಾಟೆ ಹುಳಿ ಮಾಡುವ ಕ್ರಮ ಹೀಗಿರಲಿ. ನಾಲ್ಕು ಜನರಿಗೆ ಅರ್ಧ ಕಿಲೋ ಬಟಾಟೆ ಸಾಕು. ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ, ಉಪ್ಪು, ಅರಸಿನ ಹಾಕಿ ಬೇಯಿಸಿ. ಹೋಳಿಗೆ ಚಾಕುವಿನ ತುದಿ ಸಲೀಸಾಗಿ ಇಳಿದ ಮೇಲೆಯೇ ಹುಣಿಸೆ ರಸ, ಚೂರು ಬೆಲ್ಲ ಸೇರಿಸಿ. ಕೊತ್ತಂಬರಿ, ಒಣಮೆಣಸು, ನಾಲ್ಕು ಕಾಳು ಮೆಂತೆ ಹುರಿದು, ಒಂದು ಹಿಡಿ ತೆಂಗಿನತುರಿಯ ಜೊತೆ ರುಬ್ಬಿ ಹಾಕಿ ಒಂದು ಕುದಿ ಬರಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೇವಿನಸೊಪ್ಪಿನ ಒಗ್ಗರಣೆ ಕೊಡಿ.

ದೋಸೆಗೋ ಪೂರಿಗೋ ಪಲ್ಯವಾದರೆ ಬಟಾಟೆಯನ್ನು ಸಿಪ್ಪೆಸಹಿತ ತಣ್ಣೀರಿಗೆ ಹಾಕಿ ಒಲೆಗಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ. ಸಿಪ್ಪೆ ಇದ್ದರೆ ಸಿ ಜೀವಸತ್ವ ನೀರುಪಾಲಾಗುವುದೂ ಕಡಿಮೆ. ಒಗ್ಗರಣೆಗೆ ನೀರುಳ್ಳಿ, ಹಸಿಮೆಣಸು, ಶುಂಠಿ ಹಾಕಿ ಬಾಡಿಸಿ, ಕೈಯಲ್ಲಿ ಒರಟಾಗಿ ಪುಡಿಮಾಡಿದ ಬಟಾಟೆ ಬೆರೆಸಿ. ಲಿಂಬೆರಸ ಒಲೆಯಿಂದ ಇಳಿಸಿದ ಮೇಲೆ.

ಸೆಕೆಯ ದಿನಕ್ಕೆ ಸಾಸಮೆ ಬಲು ಹಿತ. ಬೇಯಿಸಿ ಪುಡಿಮಾಡಿದ ಬಟಾಟೆ ಪೂರ್ತಿ ತಣಿಯಲಿ. ತೆಂಗಿನತುರಿ, ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ನುಣ್ಣಗೆ ರುಬ್ಬಿ, ಮೊಸರಿನ ಜೊತೆ ಕಲಸಿ. ಮತ್ತೆ ಬಿಸಿಮಾಡಬೇಡಿ, ಮೊಸರು ಒಡೆಯುತ್ತದೆ.

ಸಂಜೆಯ ಚಹಾಕ್ಕೆ ಪೋಡಿ. ತೆಳ್ಳಗೆ ಹೆಚ್ಚಿದ ಬಿಲ್ಲೆಗಳು ಕಪ್ಪಾಗದಂತೆ ನೀರಿನಲ್ಲಿಡಿ. ಆದರೆ ಕರಿಯುವ ಮೊದಲು ಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಹಿಟ್ಟು ಅಂಟದು. ಕಡಲೆಹಿಟ್ಟಿಗೆ ಒಂದು ಚಮಚ ಅಕ್ಕಿಹಿಟ್ಟು ಸೇರಿದರೆ ಗರಿಗರಿ. ಕರಿಯುವ ಬಟಾಟೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಎಣ್ಣೆಗೆ ಬಿದ್ದೊಡನೆ ಕಪ್ಪಾಗುತ್ತದೆ.

ಬಟಾಟೆಗೆ ತಕ್ಕ ಜಾಗವೆಂದರೆ ಗಾಳಿಯಾಡುವ ಕತ್ತಲ ಮೂಲೆ, ಹಳೆಯ ಗೋಣಿ. ಬೆಳಕಿಗೆ ಬಿದ್ದ ಬಟಾಟೆ ಹಸಿರಾಗುತ್ತದೆ. ಆ ಹಸಿರು ತಾನೇ ವಿಷವಲ್ಲ. ಆದರೆ ಸೊಲನಿನ್ ಎಂಬ ವಿಷವಸ್ತು ಅಲ್ಲಿ ಹೆಚ್ಚಿರಬಹುದೆಂಬ ಗುರುತು ಅದು. ವಾಂತಿ, ಹೊಟ್ಟೆನೋವು ತರುವ ಈ ವಿಷ ಕುದಿಸಿದರೂ ಹೋಗುವುದಿಲ್ಲ. ಸಣ್ಣ ಕಲೆಯಾದರೆ ದಪ್ಪಗೆ ಕೆತ್ತಿ ತೆಗೆಯಿರಿ. ಮೊಳಕೆಯನ್ನು ಬುಡಸಮೇತ ಕೀಳಿ. ತುಂಬ ಹಸಿರಾದದ್ದು, ಸುಕ್ಕುಗಟ್ಟಿ ಮೊಳೆತದ್ದು, ನಾಲಿಗೆಗೆ ಕಹಿಯಾದದ್ದು ನೇರ ಗೊಬ್ಬರದ ಗುಂಡಿಗೆ ಹೋಗಲಿ. ಹಣ ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬಾರದು, ನಿಜ. ಆದರೆ ಮಕ್ಕಳ ಬಟ್ಟಲಿಗೆ ಅದನ್ನು ಬಡಿಸಬಾರದು.

ಕೊನೆಗೊಂದು ಮಾತು. ನೂರು ಗ್ರಾಂ ಬೇಯಿಸಿದ ಬಟಾಟೆಯಲ್ಲಿ ಸುಮಾರು 20 ಗ್ರಾಂ ಶರ್ಕರಪಿಷ್ಟವಿದೆ. ಅಂದರೆ ಅದು ಅರ್ಧ ತರಕಾರಿ, ಅರ್ಧ ಅನ್ನ. ಬಟಾಟೆ ಹುಳಿ ಮಾಡಿದ ದಿನ ಅನ್ನ ಒಂದು ಸೌಟು ಕಡಿಮೆಯಿರಲಿ, ಪಕ್ಕಕ್ಕೊಂದು ಬಸಳೆಯದ್ದೋ ಹರಿವೆಯದ್ದೋ ಪಲ್ಯವಿರಲಿ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ನಾಳೆ ಹುಳಿಗೆ ಒಲೆ ಹೊತ್ತಿಸುವಾಗ ನೆನಪಿರಲಿ: ಬಟಾಟೆ ಮೊದಲು, ಹುಳಿ ಆಮೇಲೆ.